ಮುಚ್ಚಳದ ಬೆವರು

ಅಕ್ವೇರಿಯಂ ಇಟ್ಟ ಮನೆಗೆ ಬಂದವರೆಲ್ಲ ಮೀನು ನೋಡುತ್ತಾರೆ. ಮುಚ್ಚಳ ನೋಡುವವನು ಯಜಮಾನನೊಬ್ಬನೇ. ಅದರಲ್ಲೂ ಧನುರ್ಮಾಸದ ಬೆಂಗಳೂರಿನಲ್ಲಿ ಬೆಳಿಗ್ಗೆ ಎದ್ದು ಹುಡ್ ಎತ್ತಿದರೆ ಒಳಗೆ ಮಳೆಗಾಲ. ಕಪ್ಪು ಪ್ಲಾಸ್ಟಿಕ್ಕಿನ ಒಳಮೈ ತುಂಬ ಹನಿಗಳು. ಒಂದು ಹನಿ ಪಕ್ಕದ್ದನ್ನು ನುಂಗಿ, ಮೈ ಭಾರವಾಗಿ, ಸರ್ರನೆ ಜಾರಿ ಟ್ಯೂಬ್‌ಲೈಟಿನ ಹೋಲ್ಡರಿಗೇ ಬಂದು ಜೋತುಬೀಳುತ್ತದೆ. ಟ್ಯಾಂಕಿನಲ್ಲಿ ಬೀಳಲು ಅಷ್ಟು ಜಾಗವಿದ್ದರೂ ಅದಕ್ಕೆ ಹೋಲ್ಡರೇ ಬೇಕು. ಹಿತ್ತಾಳೆ ಪಿನ್ನಿನ ಸುತ್ತ ಹಸಿರು ಕಿಲುಬು, ಸ್ಕ್ರೂ ತಲೆಯ ಮೇಲೆ ತುಕ್ಕು.

ಇದರಲ್ಲಿ ಹನಿಯ ತಪ್ಪೇನೂ ಇಲ್ಲ. ಹೀಟರ್ ನೀರನ್ನು 26 ಡಿಗ್ರಿಯಲ್ಲಿ ಹಿಡಿದಿಟ್ಟಿರುತ್ತದೆ. ಹೊರಗೆ ಹಾಲ್ ರಾತ್ರಿ 18 ಡಿಗ್ರಿಗೆ ಇಳಿದಿರುತ್ತದೆ. 26 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 24 ಗ್ರಾಂ ಆವಿ ಹೊರಬಲ್ಲದು; 18ಕ್ಕೆ ಇಳಿದರೆ ಅದರ ತಾಕತ್ತು 15 ಗ್ರಾಂ ಚಿಲ್ಲರೆ. ಹೊರಲಾರದ್ದನ್ನು ಅದು ತಣ್ಣಗಿರುವ ಮುಚ್ಚಳದ ಮೇಲೆ ಇಳಿಸಿಬಿಡುತ್ತದೆ.

ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯ 1829ರಲ್ಲಿ ಮುಚ್ಚಿದ ಗಾಜಿನ ಶೀಷೆಯೊಳಗೆ ಇದೇ ಬೆವರನ್ನು ಕಂಡ. ಮಣ್ಣಿನ ತೇವ ಆವಿಯಾಗಿ ಏರಿ, ಗಾಜಿಗೆ ಹನಿಗಟ್ಟಿ, ಮರಳಿ ಮಣ್ಣಿಗೇ ಇಳಿಯುತ್ತಿತ್ತು. ನಡುವೆ ಜರಿಗಿಡವೊಂದು ಮೊಳೆತಿತ್ತು. ಆಮೇಲೆ ಗಿಡಗಳು ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಕೂತು ಕಡಲು ದಾಟಿದವು. ಬೆವರು ಅವನಿಗೆ ವರವಾಯಿತು. ಆಗುವುದೇ, ಅವನ ಶೀಷೆಯೊಳಗೆ ಟ್ಯೂಬ್‌ಲೈಟ್ ಇರಲಿಲ್ಲವಲ್ಲ!

ಮುಚ್ಚಳದ ಅಂಚಿಗೆ ಕಟ್ಟುವ ಬಿಳಿ ಹಕ್ಕಳೆಯದು ಬೇರೆ ಕತೆ. ಆವಿಯಿಂದ ಇಳಿದ ಹನಿ ಭಟ್ಟಿ ಇಳಿಸಿದ ನೀರು. ಅದರಲ್ಲಿ ಸುಣ್ಣವೂ ಇಲ್ಲ, ಉಪ್ಪೂ ಇಲ್ಲ. ತಂಟೆಕೋರ ಏರ್ ಪಂಪಿನ ಗುಳ್ಳೆ. ಮೇಲೆ ಬಂದು ಪಟ್ಟೆಂದು ಒಡೆದಾಗ ಟ್ಯಾಂಕಿನ ನೀರನ್ನೇ ಚೂರು ಚೂರಾಗಿ ಮೇಲಕ್ಕೆ ಸಿಡಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರಂತೂ ಕೇಳುವುದೇ ಬೇಡ. ಗುಳ್ಳೆಯನ್ನು ಸ್ವಲ್ಪ ತಗ್ಗಿಸಿ. ಕಟ್ಟಿದ್ದನ್ನು ಮುಚ್ಚಳ ಬಿಚ್ಚಿ ವಿನಿಗರ್ ಹಚ್ಚಿ ಉಜ್ಜಿ ತೊಳೆಯಿರಿ. ಸೋಪಿನ ಸಹವಾಸ ಬೇಡ, ಮೀನಿಗೆ ಆಗದು.

ಬೆವರನ್ನೇ ನಿಲ್ಲಿಸುತ್ತೇನೆಂದು ಹೊರಟವರೂ ಇದ್ದಾರೆ. ಹುಡ್ಡಿಗೆ ತೂತು ಕೊರೆದು ಕಂಪ್ಯೂಟರಿನ ಪುಟ್ಟ ಫ್ಯಾನ್ ಕೂರಿಸುತ್ತಾರೆ. ಹನಿ ಕಡಿಮೆಯಾಗುತ್ತದೆ, ನಿಜ. ಆದರೆ ಆವಿ ಹೋಗುವಾಗ ನೀರಿನ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಹೀಟರ್ ಬಿಡುವಿಲ್ಲದೆ ಉರಿಯುತ್ತದೆ, ಟ್ಯಾಂಕಿನ ನೀರು ಇಳಿಯುತ್ತದೆ. ಬೇಸಿಗೆಗೆ ಅದು ಸರಿ. ಚಳಿಯಲ್ಲಿ ಫೈಟರ್, ಗೌರಾಮಿ ಸಾಕಿದವರು ಯೋಚಿಸಬೇಕು. ಅವು ನೀರಿನ ಮೇಲಕ್ಕೆ ಬಂದು ಗಾಳಿ ಗುಟುಕರಿಸುವ ಮೀನುಗಳು. ಅವಕ್ಕೆ ಆ ಬೆಚ್ಚನೆಯ ತೇವದ ಗಾಳಿಯೇ ಹಿತ.

ಮೀನಿಗೆ ತೇವ ಬೇಕು, ದೀಪ ಒಣಗಿರಬೇಕು. ಈ ವ್ಯಾಜ್ಯಕ್ಕೆ ರಾಜಿ ಸೂತ್ರ ಅಡುಗೆಮನೆಯಲ್ಲೇ ಇದೆ. ಇಡ್ಲಿ ಪಾತ್ರೆಯ ಮುಚ್ಚಳವನ್ನು ಯಾರೂ ನೆಟ್ಟಗೆ ಎತ್ತುವುದಿಲ್ಲ. ಓರೆ ಮಾಡಿ, ನೀರನ್ನು ಒಂದು ಅಂಚಿಗೆ ಓಡಿಸಿ, ಇಡ್ಲಿಯ ಮೇಲೆ ಬೀಳದಂತೆ ಎತ್ತುತ್ತಾರೆ. ನೀರಿಗೂ ದೀಪಕ್ಕೂ ನಡುವೆ ಒಂದು ಗಾಜಿನ ಹಲಗೆ ಇಟ್ಟು, ಅದನ್ನೂ ಹಾಗೆಯೇ ಓರೆಯಾಗಿಸಿದರೆ ಆಯಿತು. ಹನಿ ಗಾಜಿನ ಅಡಿಮೈಗುಂಟ ಜಾರಿ ಕೆಳಗಿನ ಅಂಚಿನಿಂದ ಟ್ಯಾಂಕಿಗೇ ಬೀಳುತ್ತದೆ. ಬೆವರು ನಿಲ್ಲುವುದಿಲ್ಲ, ಎಲ್ಲಿ ಬೀಳಬೇಕೆಂಬುದನ್ನು ಮಾತ್ರ ನಾವು ಹೇಳಬಹುದು.

ವೈರಿನ ವಿಷಯ ಹೇಳಿಕೊಟ್ಟವನು ನಮ್ಮ ಎಲೆಕ್ಟ್ರಿಷಿಯನ್. "ನೀರು ವೈರ್ ಹಿಡ್ಕೊಂಡೇ ಪ್ಲಗ್ಗಿಗೆ ಬರುತ್ತೆ ಸಾರ್, ಮಧ್ಯದಲ್ಲಿ ಜೋಲು ಬಿಡಿ" ಎಂದ. ವೈರನ್ನು ಪ್ಲಗ್ಗಿಗಿಂತ ತಗ್ಗಿಗೆ ಇಳಿಸಿ ಮತ್ತೆ ಏರಿಸಿದರೆ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಇಷ್ಟಾದರೂ 30 ಮಿಲಿ ಆಂಪಿಯರ್ ಕರೆಂಟ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ಹನಿಯನ್ನು ಅಷ್ಟೊಂದು ನಂಬಬಾರದು.

ಹೀಗೆ ಹಿಂಬದಿಗೆ ಒಂದು ಬೆರಳು ಎತ್ತರ ಕೊಟ್ಟು ಕೂರಿಸಿದ ಗಾಜನ್ನು ಕಂಡವರಿಗೆಲ್ಲ ಕೈ ತುರಿಸುತ್ತದೆ. ಮೊನ್ನೆ ಭಾಮೈದ ಬಂದವನೇ, "ಭಾವ, ಗಾಜು ಸೊಟ್ಟ ಕೂತಿದೆ, ಸರಿ ಮಾಡ್ತೀನಿ ತಾಳಿ" ಎಂದು ತೋಳು ಮಡಿಸಿದ. ನಾನು ಬಾಯಿ ತೆರೆಯುವ ಮೊದಲೇ ಅವನಕ್ಕ ಅಡುಗೆಮನೆಯಿಂದ ಕೂಗಿದಳು: "ಮುಟ್ಟಬೇಡ ಕಣೋ, ನಿಮ್ಮ ಭಾವ ಸರಿಯಾಗಿ ಕೂರಿಸಿರೋದು ಅದೊಂದೇ!"