ಕೋವಿ ಕೇಳಿದ ಗೆಳೆಯರಿಗೆ

ಹೊನ್ನವಳ್ಳಿಯ ಆತ್ಮೀಯರಿಗೆ,

ನಿಮ್ಮ ಕಾಗದ ಓದಿ ಮನಸ್ಸಿಗೆ ಕಷ್ಟವಾಯಿತು. ಗಬ್ಬದ ಕುರಿಯೂ ಸೇರಿ ಮೂರು ತಲೆ ಒಂದೇ ವಾರದಲ್ಲಿ ಹೋದದ್ದು ಸಣ್ಣ ನಷ್ಟವಲ್ಲ. ಅಟ್ಟದ ಕೊಬ್ಬರಿ ಒಣಗಿ ತಿಪಟೂರು ಮಾರುಕಟ್ಟೆ ಸೇರುವವರೆಗೆ ಮನೆಗೆ ನಾಲ್ಕು ಕಾಸು ತರುವುದು ಕುರಿಯೇ ಎಂದು ಬರೆದಿದ್ದೀರಿ. ಆ ಕಡೆಯ ಎಷ್ಟೋ ಮನೆಗಳ ಮಾತು ಅದು.

ಅದು ತೋಳದ ಕೆಲಸವೆಂದು ನಂಬಿ, ತೋಳಕ್ಕೆ ಯಾವ ಬಂದೂಕು, ಎಂಥ ತೋಟಾ ಎಂದು ಕೇಳಿದ್ದೀರಿ. ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಅಮೆರಿಕದ ಮೊಂಟಾನಾ, ಐಡಹೊ ಕಡೆ ತೋಳದ ಬೇಟೆಗೆ ಕಾನೂನಿನ ಒಪ್ಪಿಗೆ ಇದೆ. ಅಲ್ಲಿನವರು .223ರಿಂದ .308ರವರೆಗಿನ ರೈಫಲ್ ಹಿಡಿಯುತ್ತಾರೆ. ಅಲ್ಲಿಯದು ನಲವತ್ತು ಕಿಲೋ ತೂಗುವ ಪ್ರಾಣಿ, ಹೊಡೆಯುವುದು ಖಾಲಿ ಬೆಟ್ಟದ ಬಯಲಿನಲ್ಲಿ. ನಮ್ಮ ಬಯಲುಸೀಮೆಯ ತೋಳ ಇಪ್ಪತ್ತು ಕಿಲೋ ಆಸುಪಾಸಿನದು. ಇಲ್ಲಿ ಲೈಸೆನ್ಸಿನ ಮೇಲೆ ಸಿಗುವ ರೈಫಲ್ಲುಗಳಲ್ಲಿ ಹೆಚ್ಚು ಬಳಕೆಯದು ಇಚ್ಛಾಪುರ ಕಾರ್ಖಾನೆಯ .315. ಅದರ ಗುಂಡು ಗುರಿ ತಪ್ಪಿದರೆ ಕಿಲೋಮೀಟರು ದಾಟಿಯೂ ಜೀವ ತೆಗೆಯಬಲ್ಲದು. ತೋಟಕ್ಕೊಂದು ಮನೆ ಇರುವ ನಿಮ್ಮ ಸೀಮೆಯಲ್ಲಿ ರಾತ್ರಿ ಹೊತ್ತು ಅದನ್ನು ಹಾರಿಸುವುದನ್ನು ನೆನೆದರೇ ನನಗೆ ಭಯವಾಗುತ್ತದೆ. ಹನ್ನೆರಡು ಬೋರಿನ ಕೋವಿಯ ಚರೆ ಮೂವತ್ತು ನಲವತ್ತು ಮೀಟರು ದಾಟಿದರೆ ಚದುರಿಹೋಗುತ್ತದೆ. ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ನರಳುತ್ತದೆ. ಇನ್ನು ಬೆಳೆ ರಕ್ಷಣೆಗೆಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದರ ಲೈಸೆನ್ಸಿನಲ್ಲಿ ಬೇಟೆಯ ಹಕ್ಕು ಇಲ್ಲ.

ಈ ಲೆಕ್ಕವನ್ನೆಲ್ಲ ಹೇಳಿದ ಮೇಲೂ ಕೊಳ್ಳಬೇಡಿ ಎಂದೇ ಬೇಡಿಕೊಳ್ಳುತ್ತೇನೆ. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿ ಆನೆಗಳ ಸಾಲಿನಲ್ಲಿ. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ, ಆದರೆ ಆ ರಿಯಾಯಿತಿ ಮನುಷ್ಯರ ಜೀವಕ್ಕೆ ಮಾತ್ರ, ಕುರಿಗೆ ಅನ್ವಯಿಸದು. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಮಕ್ಕಳನ್ನು ಕೊಂದಾಗಲೂ ಅರಣ್ಯ ಇಲಾಖೆ ಬಹುಪಾಲು ತೋಳಗಳನ್ನು ಬಲೆ, ಬೋನು ಇಟ್ಟೇ ಹಿಡಿಯಿತು.

ಕಾನೂನಿನ ಹೆದರಿಕೆ ಒಂದು ಕಡೆ ಇರಲಿ. ನಿಮ್ಮ ಸುತ್ತ ತೋಳ ಇದ್ದದ್ದಾದರೂ ಯಾಕೆ, ಯೋಚಿಸಿ. ನಿಮ್ಮ ತಾಲ್ಲೂಕಿನಿಂದ ಅರಸೀಕೆರೆ, ಕಡೂರಿನವರೆಗೆ, ಆಚೆ ಚಿಕ್ಕನಾಯಕನಹಳ್ಳಿ, ಶಿರಾ ಕಡೆಗೆ ಹರಡಿದ್ದವು ಅಮೃತಮಹಲ್ ಕಾವಲುಗಳು. ಮೈಸೂರು ಒಡೆಯರ ಕಾಲದ ಅರಮನೆ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಆ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು ಅವು. ನಿಮ್ಮ ಪಕ್ಕದ ಕೊನೇಹಳ್ಳಿಯಲ್ಲಿ ಆ ತಳಿಯನ್ನು ಇವತ್ತಿಗೂ ಸಾಕುತ್ತಿದ್ದಾರೆ. ದನ ಮೇದ ಆ ಬಯಲಿನಲ್ಲೇ ಕೃಷ್ಣಮೃಗ, ಮೊಲ, ದೊರೆವಾಯನ ಹಕ್ಕಿ, ಅವುಗಳ ಜೊತೆಗೆ ತೋಳ ಬದುಕಿದ್ದವು. ಕಾಡು ಎಂದರೆ ಮರ ಎಂದುಕೊಂಡ ನಾವು ಹುಲ್ಲನ್ನು ಬಂಜರು ಎಂದು ಬರೆದುಕೊಂಡೆವು. ಕೆಲವು ಕಡೆ ನೀಲಗಿರಿ ನೆಟ್ಟೆವು, ಕೆಲವು ಕಡೆ ಸಾಗುವಳಿ ಬಂತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕಾರ್ಖಾನೆ ಬೇಡವೆಂದು ನಾನು ಹೇಳುವುದಿಲ್ಲ. ಅಲ್ಲಿದ್ದ ಜೀವಗಳಿಗೆ ಬದಲಿ ಬಯಲನ್ನು ಯಾರಾದರೂ ಗುರುತಿಸಬೇಕಿತ್ತು ಎನ್ನುವುದು ನನ್ನ ನೋವು. ಮೊಲವೂ ಜಿಂಕೆಯೂ ತೆಳುವಾದ ಕಡೆ ತೋಳಕ್ಕೆ ಕುರಿಮರಿ ಬಿಟ್ಟು ಏನಿದೆ?

ಬ್ರಿಟಿಷರ ಕಾಲದಲ್ಲಿ ತೋಳದ ತಲೆಗೆ ಇನಾಮು ಕೊಡುತ್ತಿದ್ದರು. 1875ರಿಂದ 1925ರ ನಡುವೆ ಎರಡು ಲಕ್ಷದಷ್ಟು ತೋಳಗಳನ್ನು ಹೀಗೆ ಕೊಂದರೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಈಗ ಇಡೀ ದೇಶದಲ್ಲಿ ಉಳಿದಿರುವುದು ಮೂರು ಸಾವಿರದ ಆಸುಪಾಸು. ತೋಳಕ್ಕಾಗಿಯೇ 1974ರಲ್ಲಿ ಮೇಲುಕೋಟೆಯಲ್ಲಿ ಅಭಯಾರಣ್ಯ ಮಾಡಿದರು; ಈಚೆಗೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರು ತೋಳಧಾಮವಾಯಿತು. ನಿಮ್ಮ ಜಿಲ್ಲೆಯಲ್ಲೇ ಮಧುಗಿರಿಯ ಮೈದನಹಳ್ಳಿ ಕೃಷ್ಣಮೃಗಗಳ ಬಯಲು ಇದೆ, 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ಧಾಮವೂ ಬಂತು. ಈ ತುಣುಕುಗಳ ನಡುವೆ ಓಡಾಡುವ ತೋಳ ನಿಮ್ಮಂಥವರ ಹೊಲ, ತೋಟ ದಾಟಲೇಬೇಕು.

ಇನ್ನೊಂದು ಮಾತು. ನಿಮ್ಮ ಕುರಿಗಳನ್ನು ಕೊಂದದ್ದು ತೋಳವೇ ಎಂದು ನನಗೆ ಅನ್ನಿಸುತ್ತಿಲ್ಲ. ತೋಳ ಸಾಮಾನ್ಯವಾಗಿ ಕುತ್ತಿಗೆಗೆ ಬಾಯಿ ಹಾಕುತ್ತದೆ, ಆದಷ್ಟು ಬೇಗ ಮರಿಯನ್ನು ಎತ್ತಿಕೊಂಡು ಹೋಗುತ್ತದೆ. ತೊಡೆ, ಬಾಲದ ಬುಡ ಹರಿದಿದೆ, ಮೂರನ್ನೂ ಅಲ್ಲೇ ಬಿಟ್ಟು ಹೋಗಿದೆ ಎಂದು ನೀವು ಬರೆದಿದ್ದೀರಿ. ಅದು ನಾಯಿ ಹಿಂಡಿನ ರೀತಿ. ಊರಾಚೆ ಕೋಳಿ ಅಂಗಡಿಯ ಕಸ ಸುರಿಯುವ ಜಾಗ ಇದ್ದರೆ ಒಮ್ಮೆ ಹೋಗಿ ನೋಡಿ. ಇದೇ ನಾಯಿಗಳಿಂದ ಹುಚ್ಚು ರೋಗ ತೋಳಕ್ಕೂ ಹತ್ತುತ್ತದೆ, ಆಮೇಲೆ ಮನುಷ್ಯರಿಗೂ ಅಪಾಯ. ಕಸ ನಿಲ್ಲಿಸಲು, ನಾಯಿಗಳಿಗೆ ಲಸಿಕೆ ಮತ್ತು ಸಂತಾನಹರಣ ಮಾಡಿಸಲು ಪಂಚಾಯಿತಿಗೆ ಅರ್ಜಿ ಕೊಡಿ, ಊರಿನವರ ರುಜು ಹಾಕಿಸಿ.

ಕೋವಿಗೆಂದು ತೆಗೆದಿಟ್ಟ ದುಡ್ಡನ್ನು ರೊಪ್ಪಕ್ಕೆ ಹಾಕಿ. ಆರಡಿ ಎತ್ತರದ ಕಬ್ಬಿಣದ ಜಾಲರಿ ಇರಲಿ, ಬುಡವನ್ನು ಒಂದಡಿ ನೆಲದೊಳಗೆ ಇಳಿಸಿ ಕಲ್ಲು ಕಟ್ಟಿ, ಇಲ್ಲದಿದ್ದರೆ ನಾಯಿಯೂ ತೋಳವೂ ಕೆರೆದು ನುಗ್ಗುತ್ತವೆ. ಎಳೆಮರಿಗಳು ರಾತ್ರಿ ಮಂಕರಿ ಕೆಳಗಿರಲಿ. ತೋಟಕ್ಕೆ ಗೊಬ್ಬರಕ್ಕೆಂದು ಮಂದೆ ಬಿಡಿಸುವ ರಾತ್ರಿಗಳಲ್ಲಿ ಕುರಿಗಾಹಿಗಳ ಜೊತೆಗೆ ಎರಡು ಒಳ್ಳೆ ನಾಯಿ ಬೇಕೇ ಬೇಕು, ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟಿ. ಯಾಕೆಂದರೆ ನಿಮ್ಮ ಕಡೆ ನಾಯಿಯ ಕುತ್ತಿಗೆಗೆ ಬಾಯಿ ಹಾಕುವ ಚಿರತೆಯ ಕಾಟವೂ ಇದೆ.

ವನ್ಯಪ್ರಾಣಿ ಕೊಂದ ಕುರಿಗೆ ಸರ್ಕಾರದ ಪರಿಹಾರ ಉಂಟು. ಮತ್ತೆ ಹೀಗಾದರೆ ಸತ್ತ ಕುರಿಯನ್ನು ಬಿದ್ದ ಜಾಗದಿಂದ ಎಳೆಯಬೇಡಿ. ಹೆಜ್ಜೆ ಗುರುತಿನ ಮೇಲೆ ಮಂಕರಿ ಕವುಚಿ, ಗಾಯದ ಫೋಟೊ ತೆಗೆದು, ಅರಣ್ಯ ಸಹಾಯವಾಣಿ 1926ಕ್ಕೆ ಫೋನು ಮಾಡಿ. ಪಶುವೈದ್ಯರು ಬಂದು ಪರೀಕ್ಷೆ ಮಾಡಿದರೆ ಕೊಂದದ್ದು ಯಾವ ಪ್ರಾಣಿ ಎಂಬುದೂ ತಿಳಿಯುತ್ತದೆ. ಆ ಫೋಟೊಗಳನ್ನು ನನಗೂ ಕಳಿಸಿ, ಅರ್ಜಿ ಬರೆಯಲು ಜೊತೆಗೆ ಕೂರುತ್ತೇನೆ.

ಇಂತಿ ನಿಮ್ಮ
ಪತ್ರಮಿತ್ರ