ಹೇಳಿಕೊಳ್ಳಲಾಗದ ಕಾಯಿಲೆ

ಮಕ್ಕಳು ಬೆರಳೆತ್ತಿ "ಮಿಸ್, ಒಂದಕ್ಕೆ" ಎಂದು ಕೇಳುವಷ್ಟು ಸಲೀಸಾಗಿ ನಾವು ಹೆಂಗಸರು ಕೇಳಲಾರೆವು. ಬಸ್ಸಿರಲಿ, ಮದುವೆ ಮನೆಯಿರಲಿ, ತಡೆದುಕೊಳ್ಳುವುದೇ ನಮ್ಮ ರೂಢಿ.

ನಮ್ಮಕ್ಕನಿಗೆ 62 ವರ್ಷ. 15 ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದಳು. ಬಚ್ಚಲು ಸೇರುವುದರೊಳಗೆ ಸೀರೆ ಒದ್ದೆ. "ವಯಸ್ಸಾಯಿತಲ್ಲ, ಇನ್ನೇನು" ಅಂದರು ಮನೆಯವರು. ಅವಳು ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ಮಗಳ ಗೃಹಪ್ರವೇಶಕ್ಕೂ ಬರೋಲ್ಲ ಎಂದಾಗ ನಾನೇ ಹಟ ಹಿಡಿದು ಡಾಕ್ಟರ ಬಳಿ ಕರೆದೊಯ್ದೆ.

ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿಲ್ಲವೆಂದು ಖಚಿತವಾದ ಮೇಲೆ ಅವರು ವಿವರಿಸಿದರು. ಮೂತ್ರಕೋಶವೆಂದರೆ ಸ್ನಾಯುವಿನ ಚೀಲ. ಅದಕ್ಕೂ ರಕ್ತ ಬೇಕು. ಹೃದಯದ ರಕ್ತನಾಳ ಕಟ್ಟುವುದನ್ನು ನಾವೆಲ್ಲ ಬಲ್ಲೆವು. ಕಿಬ್ಬೊಟ್ಟೆಯ ನಾಳಗಳೂ ಹಾಗೆಯೇ ಕಿರಿದಾಗುತ್ತವೆ ಎಂದು ಯಾರು ಯೋಚಿಸುತ್ತಾರೆ? ನಾಲೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆ ಒಣಗುವುದಿಲ್ಲವೆ, ಹಾಗೆ.

ಚೀಲ 300ರಿಂದ 500 ಮಿಲಿಲೀಟರು ಹಿಡಿಯುತ್ತದೆ. ಪೂರ್ತಿ ತುಂಬಿ ಬಿಗಿದಾಗ ಅದರ ಗೋಡೆಯಲ್ಲಿ ರಕ್ತದ ಹರಿವು ಇಳಿದು, ಖಾಲಿಯಾದಾಗ ಮತ್ತೆ ನುಗ್ಗುತ್ತದೆ. ಆರೋಗ್ಯವಂತರು ಇದನ್ನು ತಾಳಿಕೊಳ್ಳುತ್ತಾರೆ. ನಾಳ ಕಿರಿದಾದವರಲ್ಲಿ ಮಾತ್ರ, ಆಮ್ಲಜನಕದ ಬರ ಮತ್ತು ನೆರೆಗಳ ನಡುವೆ 'ಫ್ರೀ ರ್‍ಯಾಡಿಕಲ್' ಎಂಬ ಪುಂಡ ಕಣಗಳು ಹೆಚ್ಚಿ, ನರಗಳನ್ನೂ ಸ್ನಾಯುವನ್ನೂ ಕೆಡಿಸುತ್ತವೆ. ಮೊದಮೊದಲು ಚೀಲ ಅವಸರಪಡುತ್ತದೆ. ಬರುಬರುತ್ತಾ ಸ್ನಾಯುವಿನ ಜಾಗದಲ್ಲಿ ನಾರು ಬೆಳೆದು, ಖಾಲಿಮಾಡುವ ಶಕ್ತಿಯೇ ಕುಂದಬಹುದು. ಇದರಲ್ಲಿ ಬಹುಪಾಲು ಮೊಲ, ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದದ್ದಂತೆ.

ಸಕ್ಕರೆ, ಬಿ.ಪಿ. ಹತೋಟಿಯಲ್ಲಿರಬೇಕು, ದಿನಾ ನಡೆಯಬೇಕು, ಹಗಲು ನೀರು ಬಿಡಬಾರದು, ಮಲಗುವ ಮುಂಚೆ ಮಾತ್ರ ಕಡಿಮೆ ಎಂದರು. ಮಾತ್ರೆಯ ಜೊತೆಗೆ, ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವನ್ನೂ ಹೇಳಿಕೊಟ್ಟರು. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವುದು, ಅಷ್ಟೆ. ಕೂತಲ್ಲೇ ಮಾಡಬಹುದು.

ದಾರಿಯಲ್ಲಿ ಅಕ್ಕ ಅಂದಳು: "ಎದೆನೋವು ಅಂದ್ರೆ ಮನೆಯೆಲ್ಲ ಓಡಿ ಬರುತ್ತೆ ಕಣೇ. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?" ನನ್ನ ಬಳಿ ಉತ್ತರವಿರಲಿಲ್ಲ.

ಅವಳಿಗೆ ಪೂರ್ತಿ ವಾಸಿಯಾಗಿಲ್ಲ. ಆದರೆ ಈಗ ರಾತ್ರಿ ಎರಡೇ ಸಲ ಏಳುತ್ತಾಳೆ. ಮೊನ್ನೆ ಅವಳ ಓರಗಿತ್ತಿ ಬಂದಾಗ ನೀರಿನ ಲೋಟ ಬೇಡವೆಂದು ಪಕ್ಕಕ್ಕೆ ಸರಿಸಿದರು. ಅಕ್ಕ ಅದನ್ನು ಮತ್ತೆ ಅವರ ಕೈಗೇ ಕೊಟ್ಟು, ಮೆಲ್ಲಗೆ ಕೇಳಿದಳು: "ನಿಮಗೂನಾ?"