ಕಿವಿಯ ಮೇಲಿನ ಕೆಂಪು ಗಂಟು

ಕಳಂಬೋಲಿ, ಜೂನ್ 9, 2024
ಮಗಳ ಎಡಗಿವಿಯ ಮೇಲೆ, ಕೂದಲ ನಡುವಿನ ಕಲೆ ಉಬ್ಬುತ್ತಲೇ ಇದೆ. ಹುಟ್ಟಿದಾಗ ಬರೀ ತಿಳಿಗೆಂಪು. ಈಗ ರೂಪಾಯಿ ನಾಣ್ಯದಷ್ಟಗಲ, ಅತ್ತರೆ ಇನ್ನೂ ಕೆಂಪು. ವಿಜಯಪುರದಿಂದ ಬಂದ ಅವ್ವ ಸೊಸೆಯನ್ನು ಕೇಳಿದಳು: “ಹ್ವಾದ ಅಕ್ಟೋಬರದಾಗ ಚಂದ್ರಗ್ರಹಣ ಹಿಡದಾಗ ಹೊರಗ ಬಂದಿದ್ದೇನವಾ?” ಇವಳು ರಾತ್ರಿಯೆಲ್ಲ ಅತ್ತಳು.

ಜೂನ್ 11
ಕಾಮೋಠೆಯ ಆಸ್ಪತ್ರೆ. ಚರ್ಮದ ಡಾಕ್ಟರು ಕೂಸಿನ ಬಟ್ಟೆ ಪೂರ್ತಿ ಬಿಚ್ಚಿಸಿ ನೋಡಿದರು. ಹೆಮಾಂಜಿಯೋಮಾ ಅಂತೆ; ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ. ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ, ಹೆಣ್ಣುಕೂಸುಗಳಲ್ಲಿ ಹೆಚ್ಚು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಮರಾಠಿಯಲ್ಲಿ ಹೇಳಿದ್ದನ್ನು ಅವ್ವನಿಗೆ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಇವಳೂ ಕೇಳಿಸಿಕೊಳ್ಳಬೇಕಿತ್ತು.

ಮೈಮೇಲೆ ಐದು ಅಥವಾ ಹೆಚ್ಚು ಇದ್ದರೆ ಲಿವರಿನ ಸೋನೋಗ್ರಫಿ ಮಾಡಿಸಬೇಕು. ಮುಖದ ಮೇಲೆ, ತಲೆಯ ಮೇಲೆ 5 ಸೆಂ.ಮೀ. ಮೀರಿ ಹರಡಿದ್ದರೆ ಮೆದುಳಿನ ರಕ್ತನಾಳ, ಹೃದಯ, ಕಣ್ಣು ತಪಾಸಣೆ. ರೆಪ್ಪೆಯ ಮೇಲಾದರೆ ನೋಟಕ್ಕೇ ಕುತ್ತು. ಹಣೆ, ರೆಪ್ಪೆಗಳ ಮೇಲೆ ಹುಟ್ಟಿನಿಂದಲೇ ಇರುವ ಚಪ್ಪಟೆ ಕಡುಗೆಂಪು ಮಚ್ಚೆಯ ಜಾತಿಯೇ ಬೇರೆ. ಕೆಲವು ಮಕ್ಕಳಿಗೆ ಅದರೊಂದಿಗೆ ಫಿಟ್ಸ್, ಗ್ಲಾಕೋಮಾ ಬರುತ್ತವೆ. ನಮ್ಮದು ಒಂದೇ, ಚಿಕ್ಕದು. ಆದರೂ ಹುಣ್ಣಾಗಬಹುದು, ರಕ್ತ ಸೋರಬಹುದು, ಆ ಜಾಗದಲ್ಲಿ ಕೂದಲು ಬಾರದೆ ಹೋಗಬಹುದು. ಗಂಟು ಬಹುಪಾಲು ಬೆಳೆಯುವುದು ಐದು ತಿಂಗಳೊಳಗೆ. ‘ತಾನಾಗಿ ಹೋಗುತ್ತೆ, ಬಿಡಿ’ ಎಂದವರು ಎಷ್ಟೋ ಜನ. ಹೋಗುವುದು ನಿಜ, ಆದರೆ ವರ್ಷಗಳು ಬೇಕು. ಕೆಡುಕಾಗುವುದು ಮೊದಲ ವಾರಗಳಲ್ಲೇ. ಇಂಥದ್ದನ್ನು ಒಂದು ತಿಂಗಳೊಳಗೆ ತೋರಿಸಬೇಕೆಂದು ಎಲ್ಲ ಬಾಣಂತಿಯರಿಗೂ ಹೇಳಿ ಕಳಿಸಬಾರದೇ?

ಜೂನ್ 19
ಕುಲಾವಿಯಲ್ಲಿ ರಕ್ತ. ಗಂಟಿನ ನಡುವೆ ಬಿರುಕು. ಶುಭ್ರ ಬಟ್ಟೆ ಒತ್ತಿ ಹಿಡಿದೆ, ನಿಂತಿತು. ಅವ್ವ ಅರಿಷಿಣದ ಡಬ್ಬಿ ತಂದಳು, ಬೇಡವೆಂದೆ, ಸಿಟ್ಟಾಗಲಿಲ್ಲ.

ಇಂದೇ ಪ್ರೊಪ್ರನೊಲಾಲ್ ಶುರು. ಹೃದಯದ ಔಷಧಿ ಇದು. ಫ್ರಾನ್ಸಿನ ಬೋರ್ಡೋದಲ್ಲಿ ಹೃದಯಕ್ಕೆಂದು ಕೊಟ್ಟಾಗ ಮಗುವಿನ ಗಂಟು ಕುಗ್ಗಿದ್ದನ್ನು ಡಾಕ್ಟರರು ಗಮನಿಸಿ 2008ರಲ್ಲಿ ಬರೆದರಂತೆ. ಹಾಲು ಕುಡಿಸಿಯೇ ಕೊಡಬೇಕು, ಇಲ್ಲವಾದರೆ ರಕ್ತದ ಸಕ್ಕರೆ ಇಳಿಯುತ್ತದೆ. ವಾಂತಿಯಾದರೆ, ಹಾಲು ಬಿಟ್ಟರೆ, ಉಬ್ಬಸ ಕೇಳಿದರೆ ನಿಲ್ಲಿಸಿ ಫೋನ್ ಮಾಡಬೇಕು. ಲೋಖಂಡ ಮಾರ್ಕೆಟ್ಟಿನ ಲಾರಿಗಳ ಸದ್ದಿನಲ್ಲಿ ಮಗಳ ಉಸಿರಿಗೆ ಕಿವಿಗೊಟ್ಟು ಕೂತಿದ್ದೇನೆ.

ಜುಲೈ 14
ಹುಣ್ಣು ಮಾಗಿದೆ, ಗಂಟು ಮೆತ್ತಗಾಗಿದೆ, ಕೆಂಪು ಮಾಸುತ್ತಿದೆ. ಅವ್ವ ಊರಿಗೆ ಫೋನ್ ಮಾಡಿ ಕಾಕಾನಿಗೆ ಹೇಳುತ್ತಿದ್ದಳು: “ಜಾವಳ ಈ ವರ್ಷ ಬ್ಯಾಡ. ಕತ್ತಿ ತಾಕಿದ್ರ ರಗತ ಲಗೂ ನಿಂದ್ರೂದಿಲ್ಲ. ದೇವರಿಗೆ ನಾ ಹೇಳ್ಕೋತೀನಿ.” ನಾಳೆ ಮತ್ತೆ ಕಾಮೋಠೆ, ತೂಕ ನೋಡಿ ಡೋಸ್ ಏರಿಸುತ್ತಾರೆ.